ಮನೆ ತೋರಿಸುವ ಮೊದಲೇ ಬರವಣಿಗೆ ಆಗಲಿ

ಮಾನ್ಯ ಸಂಪಾದಕರೇ,

ಮನೆ ಕೊಡಿಸುವ ಏಜೆಂಟರು ಬಾಗಿಲ ಬೀಗ ತೆಗೆಯುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ, ಅಷ್ಟಕ್ಕೇ ಮಾರಾಟದ ಹಣದಲ್ಲಿ ಪಾಲು ಕೇಳುತ್ತಾರೆ ಎಂಬ ಅರ್ಥದ ಪತ್ರವೊಂದು ಈಚೆಗೆ ತಮ್ಮ ಓದುಗರ ಅಂಕಣದಲ್ಲಿ ಪ್ರಕಟವಾಗಿತ್ತು. ಹದಿನೇಳು ವರ್ಷಗಳಿಂದ ಇದೇ ಕೆಲಸದಲ್ಲಿ ಬದುಕು ಸಾಗಿಸುತ್ತಿರುವ ನಾನು ಆ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿದ್ದ ಸಿಟ್ಟು ಅಕಾರಣವಾದುದಲ್ಲ. ಆದರೆ ಆ ಸಿಟ್ಟಿನ ಮೂಲ ಇರುವುದು ಕಮಿಷನ್ನಿನ ಪ್ರಮಾಣದಲ್ಲಲ್ಲ. ಏಜೆಂಟರು ಯಾರ ಪರವಾಗಿ ದುಡಿಯುತ್ತಿದ್ದಾರೆ, ಅವರಿಗೆ ಯಾರು, ಯಾವಾಗ, ಎಷ್ಟು ಕೊಡಬೇಕು ಎಂಬುದು ಮೊದಲ ದಿನವೇ ಕಾಗದದ ಮೇಲೆ ಬಾರದಿರುವುದರಲ್ಲಿ ಎಂದು ನನಗೆ ಅನುಭವದಿಂದ ಮನವರಿಕೆಯಾಗಿದೆ.

ಹೊರಗಿನವರಿಗೆ ಕಾಣುವುದು ನಾವು ಮನೆ ತೋರಿಸುವ ಅರ್ಧ ಗಂಟೆ ಮಾತ್ರ. ಅದಕ್ಕೆ ಮುಂಚೆಯೇ ಮಾರುವವರ ಹೆಸರಿಗೆ ಆಸ್ತಿ ಹೇಗೆ ಬಂತು, ಹಿಂದಿನ ಕ್ರಯಪತ್ರಗಳ ಸರಣಿಯಲ್ಲಿ ಎಲ್ಲಾದರೂ ಕೊಂಡಿ ಕಳಚಿದೆಯೇ, ಮನೆಯ ಮೇಲೆ ತೀರದ ಸಾಲವಿದೆಯೇ, ಹಕ್ಕುಳ್ಳ ವಾರಸುದಾರರೆಲ್ಲ ಒಪ್ಪಿದ್ದಾರೆಯೇ, ಪತ್ರದಲ್ಲಿರುವ ಅಳತೆಗೂ ನೆಲದ ಮೇಲಿನ ಅಳತೆಗೂ ತಾಳೆಯಾಗುತ್ತದೆಯೇ ಎಂದು ವಿಚಾರಿಸಿರಬೇಕು. ಕಾನೂನಿನ ಕೊನೆಯ ಮಾತು ವಕೀಲರದ್ದೇ ಆದರೂ, ಅವರ ಮೇಜಿಗೆ ಕಾಗದಗಳೆಲ್ಲ ಬಂದು ಸೇರುವಂತೆ ಓಡಾಡುವವರು ನಾವು. ಒಡಹುಟ್ಟಿದವರು ನಾಲ್ವರಿದ್ದು, ಮೂವರು ಒಪ್ಪಿ ಒಬ್ಬರು ಮುನಿಸಿಕೊಂಡಿರುವ ಮನೆಗಳಲ್ಲಿ ನಾನು ಎಷ್ಟೋ ಸಂಜೆಗಳನ್ನು ಕಳೆದಿದ್ದೇನೆ. ಅಲ್ಲಿ ಬೆಲೆಯಿಂದ ಶುರುವಾದ ಮಾತು, ತೀರಿಕೊಂಡ ತಾಯಿಯನ್ನು ಕೊನೆಗಾಲದಲ್ಲಿ ಯಾರು ನೋಡಿಕೊಂಡರು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಜನರಿಗೆ ಬಿಡುವಿರುವ ಹೊತ್ತೇ ನಮಗೆ ದುಡಿಮೆಯ ಹೊತ್ತಾದ್ದರಿಂದ ರಜಾದಿನವೆಂಬುದು ನಮ್ಮ ಮನೆಯವರಿಗೆ ಉಂಟು, ನಮಗಿಲ್ಲ. ಇಷ್ಟೆಲ್ಲ ಆದ ಮೇಲೂ ನೋಂದಣಿ ಮುರಿದುಬಿದ್ದರೆ ಒಂದು ಕಾಸೂ ಹುಟ್ಟುವುದಿಲ್ಲ.

ಮನೆ ತೋರಿಸುವುದಾದರೂ ಬರಿಯ ಬೀಗ ತೆಗೆಯುವ ಕೆಲಸವಲ್ಲ. ಐದು ವರ್ಷಗಳ ಹಿಂದೆ ಗಂಡ ಹೆಂಡತಿ ಇಬ್ಬರನ್ನು ಒಂದು ಮನೆಗೆ ಕರೆದೊಯ್ಯುವ ಮುನ್ನಾದಿನ ನಾನೊಬ್ಬಳೇ ಅಲ್ಲಿಗೆ ಹೋಗಿದ್ದೆ. ಮನೆಗೆಲ್ಲ ಹಳೆಯ ಬಣ್ಣ. ಮಲಗುವ ಕೋಣೆಯ ಒಂದೇ ಗೋಡೆಗೆ ಹೊಸ ಬಣ್ಣ, ಅದಕ್ಕೆ ಒತ್ತಿ ನಿಲ್ಲಿಸಿದ ಎತ್ತರದ ಕಪಾಟು. ಕಪಾಟಿನ ಹಿಂದೆ ಕೈ ತೂರಿಸಿ ಸವರಿದರೆ ಗೋಡೆ ತಣ್ಣಗಿತ್ತು, ಬೆರಳಿಗೆ ಬಿಳಿ ಪುಡಿ ಹತ್ತಿತು. ಗೋಡೆಯೊಳಗಿನ ತೇವ ಹೊರಬಂದು ಆರುವಾಗ ಇಟ್ಟಿಗೆ, ಗಾರೆಗಳಲ್ಲಿರುವ ಲವಣವನ್ನು ಮೇಲಕ್ಕೆ ಎಳೆದು ತಂದು ಹೀಗೆ ಪುಡಿಯಾಗಿ ಬಿಟ್ಟುಹೋಗುತ್ತದೆ. ಬಣ್ಣ ಬಳಿದರೆ ಅದು ಕೆಲವು ವಾರ ಮರೆಯಾಗುತ್ತದೆಯೇ ಹೊರತು ತೇವ ನಿಲ್ಲುವುದಿಲ್ಲ. ಗೋಡೆಯ ಆ ಬದಿಗೆ ಬಚ್ಚಲುಮನೆ ಇತ್ತು, ಕೊಳವೆ ಎಲ್ಲೋ ಒಳಗೇ ಸೋರುತ್ತಿತ್ತು. ಇದನ್ನು ಕೊಳ್ಳುವವರಿಗೆ ಹೇಳಿಯೇ ಮನೆ ತೋರಿಸುತ್ತೇನೆ ಎಂದು ಮಾಲೀಕರಿಗೆ ಫೋನಿನಲ್ಲಿ ತಿಳಿಸಿದಾಗ ಅವರು, "ನೀವು ನಮ್ಮ ಕಡೆಯವರೋ, ಅವರ ಕಡೆಯವರೋ?" ಎಂದು ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಎರಡೂ ಕಡೆಯಿಂದ ಕಮಿಷನ್ ಬರುತ್ತದೆ ಎಂಬ ಬಾಯಿಮಾತಿನ ಮೇಲೆ ಓಡಾಡುತ್ತಿದ್ದ ನನ್ನ ಬಳಿ ಅದಕ್ಕೆ ಕೊಡಲು ಉತ್ತರವಿರಲಿಲ್ಲ. ಗೋಡೆಯ ವಿಷಯವನ್ನು ಹೇಳಿಯೇ ತೋರಿಸಿದೆ. ಆ ಮನೆ ನನ್ನ ಕೈತಪ್ಪಿತು. ಪ್ರಶ್ನೆ ಮಾತ್ರ ಉಳಿಯಿತು.

ಏಜೆಂಟರ ಹಿತವೂ ಅವರನ್ನು ನಂಬಿದವರ ಹಿತವೂ ಸದಾ ಒಂದೇ ದಿಕ್ಕಿನಲ್ಲಿ ಇರುವುದಿಲ್ಲ ಎಂಬುದನ್ನು ನಮ್ಮ ವೃತ್ತಿಯವರು ಮೊದಲು ಒಪ್ಪಿಕೊಳ್ಳಬೇಕು. ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸಿವರ್ಸನ್ ಅವರು ಅಮೆರಿಕದ ಶಿಕಾಗೊ ಸುತ್ತಮುತ್ತ ನಡೆದ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಏಜೆಂಟರು ತಮ್ಮ ಸ್ವಂತ ಮನೆಯನ್ನು ಮಾರುವಾಗ ಸರಾಸರಿ ಒಂಬತ್ತೂವರೆ ದಿನ ಹೆಚ್ಚು ಕಾಯುತ್ತಾರೆ ಮತ್ತು ಶೇ 3.7ರಷ್ಟು ಹೆಚ್ಚಿನ ಬೆಲೆ ಪಡೆಯುತ್ತಾರೆ. ಇದರ ಹಿಂದಿನ ಲೆಕ್ಕ ಸರಳವಾದುದು. ಕಮಿಷನ್ ಶೇ 2 ಇದೆ ಎಂದುಕೊಂಡರೆ, ಬೆಲೆಯಲ್ಲಿ ಹೆಚ್ಚಾಗುವ ಪ್ರತಿ ನೂರರಲ್ಲಿ ತೊಂಬತ್ತೆಂಟು ಮಾಲೀಕರಿಗೆ ಸೇರುತ್ತದೆ, ಏಜೆಂಟರಿಗೆ ಸಿಗುವುದು ಎರಡು. ಆ ಎರಡಕ್ಕಾಗಿ ಇನ್ನೂ ಹತ್ತು ದಿನ ಓಡಾಡುವುದಕ್ಕಿಂತ ಬಂದ ಬೆಲೆಗೆ ಮುಗಿಸಿ ಮುಂದಿನ ಮನೆಗೆ ಹೋಗುವುದೇ ಲಾಭವೆಂದು ಅವರಿಗೆ ತೋರುತ್ತದೆ. ಕೈ ಬರಿದಾಗಿದ್ದ ತಿಂಗಳುಗಳಲ್ಲಿ, "ಇಷ್ಟಕ್ಕೆ ಕೊಟ್ಟುಬಿಡಿ, ಇದಕ್ಕಿಂತ ಹೆಚ್ಚು ಬರಲಾರದು" ಎಂದು ನಾನೂ ಹೇಳಿದ್ದೇನೆ. ಹೆಚ್ಚು ಬರಬಹುದಿತ್ತು ಎಂದು ಈಗ ಅನ್ನಿಸುವ ಒಂದೆರಡು ಮನೆಗಳು ನೆನಪಿನಲ್ಲಿವೆ.

ಅನ್ಯಾಯ ಒಂದೇ ಕಡೆಯದಲ್ಲ. ನಾಲ್ಕು ತಿಂಗಳ ಕಾಲ ನನ್ನೊಡನೆ ಇಪ್ಪತ್ತೆರಡು ಮನೆಗಳನ್ನು ನೋಡಿದ ಕುಟುಂಬವೊಂದು, ಮೊದಲ ವಾರದಲ್ಲೇ ನಾನು ತೋರಿಸಿದ್ದ ಮನೆಯನ್ನು ಮಾಲೀಕರಿಂದ ನೇರವಾಗಿ ಕೊಂಡಿತು. ಗೃಹಪ್ರವೇಶದ ಸುದ್ದಿ ನನಗೆ ತಿಳಿದದ್ದು ಪಕ್ಕದ ಮನೆಯವರಿಂದ. ಅವರ ಮೇಲೆ ನಾನು ಯಾವ ಹಕ್ಕನ್ನೂ ಸಾಧಿಸುವಂತಿರಲಿಲ್ಲ, ಏಕೆಂದರೆ ನಮ್ಮ ನಡುವೆ ಸಹಿ ಮಾಡಿದ ಒಂದು ಚೀಟಿಯೂ ಇರಲಿಲ್ಲ.

ಬರವಣಿಗೆ ಬೇಕೆನ್ನಲು ಇನ್ನೊಂದು ಕಾರಣವಿದೆ, ಅದನ್ನು ಹೆಣ್ಣಾಗಿ ನಾನು ಹೇಳಲೇಬೇಕು. ಗುರುತಿಲ್ಲದ ವ್ಯಕ್ತಿಯೊಡನೆ ಖಾಲಿ ಮನೆಯೊಳಗೆ ಹೋಗುವುದು ನಮ್ಮ ನಿತ್ಯದ ಕೆಲಸ. ಲಂಡನ್ನಿನ ಫುಲ್ಹಮ್‌ನಲ್ಲಿ ಏಜೆಂಟ್ ಆಗಿದ್ದ ಇಪ್ಪತ್ತೈದು ವರ್ಷದ ಸೂಸಿ ಲ್ಯಾಂಪ್ಲಫ್ 1986ರ ಜುಲೈ 28ರಂದು ಮನೆ ತೋರಿಸಲು ಕಚೇರಿಯಿಂದ ಹೊರಟವರು ಮರಳಿ ಬರಲಿಲ್ಲ, ಇಂದಿಗೂ ಪತ್ತೆಯಾಗಿಲ್ಲ. ಅವರ ದಿನಚರಿಯಲ್ಲಿ ಉಳಿದದ್ದು ಮಧ್ಯಾಹ್ನದ ಒಂದು ಸಮಯ, ಒಂದು ಮನೆಯ ವಿಳಾಸ ಮತ್ತು "ಮಿಸ್ಟರ್ ಕಿಪ್ಪರ್" ಎಂಬ ಹೆಸರು ಮಾತ್ರ. ಆ ಹೆಸರಿನ ಹಿಂದೆ ಯಾರಿದ್ದರು ಎಂಬುದು ಪೊಲೀಸರಿಗೆ ಖಚಿತವಾಗಲೇ ಇಲ್ಲ. ಅವರ ತಂದೆ ತಾಯಿ ಮಗಳ ಹೆಸರಿನಲ್ಲಿ ಕಟ್ಟಿದ ಸಂಸ್ಥೆಯು ಒಬ್ಬಂಟಿಯಾಗಿ ಕೆಲಸ ಮಾಡುವವರ ಸುರಕ್ಷತೆಗಾಗಿ ಇಂದಿಗೂ ದುಡಿಯುತ್ತಿದೆ. ನನಗೆ ಈಗಲೂ ದಿನಕ್ಕೆ ಹತ್ತಾರು ಕರೆಗಳು ಬರುತ್ತವೆ, ಹೆಚ್ಚಿನವು ಹೆಸರೂ ಹೇಳದೆ "ಮನೆ ನೋಡಬೇಕಿತ್ತು, ಸಂಜೆ ಬರಲೇ?" ಎಂದು ಕೇಳುವಂಥವು. ಮೊದಲು ಕಚೇರಿಗೆ ಬಂದು ಗುರುತಿನ ಚೀಟಿ ತೋರಿಸಿ, ಒಪ್ಪಂದದ ಹಾಳೆಗೆ ಸಹಿ ಹಾಕಿ ಎಂದರೆ ಕೆಲವರು ತಮ್ಮನ್ನು ಅನುಮಾನಿಸಿದಂತೆ ಭಾವಿಸುತ್ತಾರೆ. ದಯವಿಟ್ಟು ಹಾಗೆ ತಿಳಿಯಬಾರದು. ನಾನು ಎಲ್ಲಿ, ಯಾರೊಡನೆ ಇದ್ದೇನೆ ಎಂಬುದು ನನ್ನ ಮನೆಯವರಿಗೆ ಗೊತ್ತಿರಬೇಕಲ್ಲವೇ?

ಅಮೆರಿಕದಲ್ಲಿ ಮನೆ ಮಾರಿದವರು ಕಮಿಷನ್ ವಿಚಾರವಾಗಿ ಹೂಡಿದ ಮೊಕದ್ದಮೆಗಳು ರಾಜಿಯಲ್ಲಿ ಮುಗಿದ ಮೇಲೆ, ಅಲ್ಲಿನ ರಾಷ್ಟ್ರೀಯ ರಿಯಲ್ಟರ್‌ಗಳ (ಮನೆ ಏಜೆಂಟರ) ಸಂಘವು 2024ರ ಆಗಸ್ಟ್ 17ರಿಂದ ಹೊಸ ನಿಯಮವನ್ನು ಜಾರಿಗೆ ತಂದಿದೆ. ಮಾರಾಟಕ್ಕಿರುವ ಮನೆಗಳ ಸಂಘದ ಪಟ್ಟಿ ವ್ಯವಸ್ಥೆಯನ್ನು ಬಳಸುವ ಏಜೆಂಟರು ಕೊಳ್ಳುವವರಿಗೆ ಮನೆ ತೋರಿಸುವ ಮೊದಲೇ ಅವರೊಡನೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು, ಅದರಲ್ಲಿ ತಮ್ಮ ಶುಲ್ಕವನ್ನು ಸ್ಪಷ್ಟವಾಗಿ ಕಾಣಿಸಬೇಕು, ಆ ಶುಲ್ಕ ಚೌಕಾಸಿಗೆ ಒಳಪಟ್ಟದ್ದು ಎಂಬುದನ್ನೂ ಬರೆಯಬೇಕು. ನ್ಯಾಯಾಲಯದ ಮೆಟ್ಟಿಲು ಹತ್ತುವವರೆಗೆ ಕಾಯದೆ ಇದನ್ನು ಯಾವ ಊರಿನ ಏಜೆಂಟರಾದರೂ ನಾಳೆಯೇ ಶುರು ಮಾಡಬಹುದು.

ಮೂರು ವರ್ಷಗಳಿಂದ ನಾನು ಹಾಗೆಯೇ ಮಾಡುತ್ತಿದ್ದೇನೆ. ಒಂದೇ ಹಾಳೆ. ನಾನು ಮಾರುವವರ ಪರವೋ ಕೊಳ್ಳುವವರ ಪರವೋ, ಶುಲ್ಕ ಎಷ್ಟು, ಅದು ಮುಂಗಡದ ದಿನವೋ ನೋಂದಣಿಯ ದಿನವೋ, ವ್ಯವಹಾರ ಮುರಿದರೆ ಏನು, ನಾನು ತೋರಿಸಿದ ಮನೆಯನ್ನು ಎಷ್ಟು ತಿಂಗಳೊಳಗೆ ಕೊಂಡರೆ ನನಗೆ ಸಲ್ಲಬೇಕು ಎಂಬುದೆಲ್ಲ ಅದರಲ್ಲಿದೆ. ಯಾರ ಪರವಾಗಿದ್ದರೂ ಮನೆಯ ದೋಷ ನನಗೆ ಗೊತ್ತಾದರೆ ಮುಚ್ಚಿಡುವುದಿಲ್ಲ ಎಂಬ ಸಾಲನ್ನು, ಆ ತೇವದ ಗೋಡೆಯನ್ನು ನೆನೆದು, ಕೊನೆಯಲ್ಲಿ ಸೇರಿಸಿದ್ದೇನೆ. ಹಾಳೆ ನೋಡಿ ಎದ್ದು ಹೋದವರಿದ್ದಾರೆ, ಅದರಿಂದ ಮೊದಲ ವರ್ಷ ನನ್ನ ಆದಾಯ ಕುಗ್ಗಿದ್ದೂ ನಿಜ. ಆದರೆ ಸಹಿ ಹಾಕಿದವರಲ್ಲಿ ಒಬ್ಬರೂ ನೋಂದಣಿಯ ದಿನ ಕಮಿಷನ್ನಿಗಾಗಿ ನನ್ನೊಡನೆ ಜಗಳವಾಡಿಲ್ಲ.

ತಮ್ಮ ಪತ್ರಿಕೆಗೆ ಬರೆದ ಆ ಓದುಗರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಸಲ ಯಾವ ಏಜೆಂಟರು ಕರೆದರೂ ಮನೆ ನೋಡಲು ಹೊರಡುವ ಮೊದಲು ಇಂಥದೊಂದು ಹಾಳೆಯನ್ನು ಕೇಳಿ, ಕೊಡಲು ಅವರು ಹಿಂಜರಿದರೆ ಆ ಮನೆಯನ್ನು ನೋಡಲು ಹೋಗಬೇಡಿ.

ಇಂತಿ,
ಮನೆ ಮಾರಾಟದ ಏಜೆಂಟ್ ಆಗಿರುವ, ತಮ್ಮ ಓದುಗರಲ್ಲಿ ಒಬ್ಬಳು