ಕಾದಂಬರಿ ಮುಗಿಯಿತು, ಥ್ಯಾಂಕ್ಸ್ ಬಾಕಿ ಇದೆ

ಅಂತೂ ಕಾದಂಬರಿ ಪ್ರೆಸ್‌ಗೆ ಹೋಯಿತು. 1880ರ ದಶಕದ ಲಂಡನ್, ಗ್ಯಾಸ್ ದೀಪದ ಒಂದು ಹಳೇ ನಾಟಕ ಥಿಯೇಟರ್, ಅದರೊಳಗೊಂದು ದೆವ್ವ. ಇದನ್ನ ಕನ್ನಡದಲ್ಲಿ ಯಾರು ಓದ್ತಾರೆ ಅಂತ ಒಬ್ಬ ಪ್ರಕಾಶಕರು ವಾಪಸ್ ಕಳಿಸಿದ ಮೇಲೆ ಎಷ್ಟೋ ದಿನ ಆ ಫೈಲ್ ತೆರೆಯಲು ಮನಸ್ಸೇ ಬರಲಿಲ್ಲ. ಆಗ ಜೊತೆಗಿದ್ದವರು ಹೆಸರು ಹಾಕಬೇಡ ಅಂದಿದ್ದಾರೆ. ಹಾಕಲ್ಲ, ಆದರೆ ಹೇಳದೇ ಇರಲೂ ಆಗಲ್ಲ.

ಮೊದಲು ಫಿಸಿಕ್ಸ್ ಪಾಠ ಮಾಡುವ ಗೆಳತಿಗೆ. 1862ರಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಪೆಪ್ಪರ್ಸ್ ಗೋಸ್ಟ್ ಅನ್ನುವ ತಂತ್ರ ತೋರಿಸಿ ಜನರನ್ನು ಬೆಚ್ಚಿಬೀಳಿಸಿದ್ದರು. ರಂಗದ ಮುಂದೆ ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜು, ಕೆಳಗೆ ಪ್ರೇಕ್ಷಕರಿಗೆ ಕಾಣದ ಗುಂಡಿಯಲ್ಲಿ ದೆವ್ವದ ವೇಷದ ನಟ, ಅವನ ಮೇಲೆ ಜೋರು ಬೆಳಕು. ಅವನ ಪ್ರತಿಬಿಂಬ ಗಾಜಿನಲ್ಲಿ ಮೂಡಿ, ರಂಗದ ಮಧ್ಯೆ ದೆವ್ವ ನಿಂತ ಹಾಗೆ ಕಾಣುತ್ತದೆ. ಅವಳು ಹೋಟೆಲ್ ಬಿಲ್ಲಿನ ಹಿಂದೆ ನಾಲ್ಕು ಗೆರೆ ಎಳೆದು, ‘ರಂಗದ ಮೇಲಿರೋನಿಗೆ ಆ ದೆವ್ವ ಕಾಣೋದೇ ಇಲ್ಲ ಕಣೋ, ಪಾಪ, ಸುಮ್ನೆ ಗಾಳಿಗೆ ಕತ್ತಿ ಬೀಸ್ತಾ ಇರ್ತಾನೆ’ ಅಂದಳು. ನನಗೆ ಕಥೆ ಸಿಕ್ಕಿದ್ದೇ ಅಲ್ಲಿ. ಒಂದು ರಾತ್ರಿ ಅವನಿಗೂ ಕಾಣಿಸಿಬಿಟ್ಟರೆ? ಗುಂಡಿಯಲ್ಲಿ ಅವತ್ತು ಯಾರೂ ಇಳಿದೇ ಇರದಿದ್ದರೆ? (ಆ ಬಿಲ್ ಕಟ್ಟಿದ್ದೂ ಅವಳೇ.)

ಇಂಗ್ಲೆಂಡಿನ ಬ್ರಿಸ್ಟಲ್ ಓಲ್ಡ್ ವಿಕ್ ತೋರಿಸಿದ ಗೈಡ್‌ಗೆ ಎಷ್ಟು ಹೇಳಿದರೂ ಸಾಲದು. 1766ರ ಥಿಯೇಟರ್ ಅದು. ಪ್ರೇಕ್ಷಕರ ತಲೆಯ ಮೇಲೆ, ಛಾವಣಿಯೊಳಗೆ, ಕಾಲುವೆಯ ಹಾಗೆ ಇಳಿಜಾರಾದ ಮರದ ದೋಣಿಗಳಿವೆ. ಅದರಲ್ಲಿ ಭಾರದ ಗುಂಡು ಉರುಳಿಸಿದರೆ ಗುಡುಗು! ನನ್ನ ಪ್ರಶ್ನೆ ಮುಗಿಯುವವರೆಗೂ ಆ ಪುಣ್ಯಾತ್ಮ ಒಮ್ಮೆಯೂ ವಾಚ್ ನೋಡಲಿಲ್ಲ.

ಕೊನೆಯ ಅಧ್ಯಾಯಗಳಲ್ಲಿ ಬೆಂಕಿ ಇದೆ. 1887ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಎಕ್ಸಿಟರ್‌ನ ಥಿಯೇಟರ್ ರಾಯಲ್‌ನಲ್ಲಿ ಗ್ಯಾಸ್ ದೀಪದಿಂದ ಸೀನರಿಗೆ ಬೆಂಕಿ ಹತ್ತಿ 186 ಜನ ಸತ್ತರು. ಜಾಸ್ತಿ ಜನ ಕಡಿಮೆ ದರದ ಗ್ಯಾಲರಿಯವರು, ಇಳಿಯುವ ದಾರಿಯಲ್ಲೇ ಸಿಕ್ಕಿಕೊಂಡವರು. ಇದನ್ನು ಬರೆಯುವಾಗ ದೆವ್ವ ದೂರ ಇರಲಿ ಅಂತ ಹಟ ಹಿಡಿದದ್ದು ನನ್ನ ಹೆಂಡತಿ. ‘ಬೆಂಕಿಯನ್ನೂ ದೆವ್ವದ ತಲೆಗೆ ಕಟ್ಟಬೇಡ, ಬಾಗಿಲು ಇಟ್ಟವರು ಮನುಷ್ಯರು’ ಅಂದಳು. ಜಗಳ ಆಯ್ತು. ಅವಳು ಹೇಳಿದ ಹಾಗೇ ಬರೆದೆ.

ಇನ್ನು, ಕಂಪನಿ ನಾಟಕಗಳಲ್ಲಿ ಪರದೆ ಎಳೆದು ಜೀವನ ಮಾಡಿದ ನಮ್ಮೂರಿನ ಮಾವ. ಲಂಡನ್ನಿನ ಲೈಸಿಯಂ ಥಿಯೇಟರ್‌ನಲ್ಲಿ ನಟ ಹೆನ್ರಿ ಇರ್ವಿಂಗ್ ಮೆರೆಯುತ್ತಿದ್ದ ಕಾಲದಲ್ಲೇ, 1884ರಲ್ಲಿ, ನಮ್ಮ ಗುಬ್ಬಿ ಕಂಪನಿ ಶುರುವಾದದ್ದು ಅಲ್ವಾ. ಸೈಡ್ ವಿಂಗ್‌ನಲ್ಲಿ ನಿಂತವರು ಪಿಸುಮಾತಲ್ಲಿ ಹೇಗೆ ಬೈದಾಡುತ್ತಾರೆ ಅಂತ ಮಾವ ಮಾಡಿ ತೋರಿಸಿದರು. ನನ್ನ ಲಂಡನ್ ಕೂಲಿಗಳು ಬೈಯೋದು ಅವರ ಧಾಟಿಯಲ್ಲೇ.

ಅಮ್ಮ ಕರಡು ಓದಿ, ಆ ಹುಡುಗಿಯನ್ನ ಯಾಕೋ ಸಾಯಿಸಿದೆ, ಇನ್ನೊಂದು ಭಾಗದಲ್ಲಿ ವಾಪಸ್ ಕರ್ಕೊಂಡ್ ಬಾ ಅಂತ ಫೋನ್ ಮಾಡಿದಾಗೆಲ್ಲ ಕೇಳುತ್ತಾಳೆ. ಬರ್ತಾಳೆ ಅಮ್ಮಾ, ಆದರೆ ನೀನು ಅಂದುಕೊಂಡ ಹಾಗಲ್ಲ.