ಇಂಟರ್ನ್‌ಶಿಪ್: ಕಲಿತದ್ದನ್ನು ಕಾಲೇಜು ಕೇಳಲಿ

ಮಾನ್ಯ ಸಂಪಾದಕರೇ,

ರಾಜಾಜಿನಗರದಲ್ಲಿ ನನ್ನದೊಂದು ಸಣ್ಣ ಆಫೀಸಿದೆ. ಅಂಗಡಿಗಳ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ಹಾಕುವುದು ನನ್ನ ಕೆಲಸ. ಪ್ರತಿ ವರ್ಷ ಬಿ.ಕಾಂ., ಬಿಬಿಎ ಓದುವ ಮಕ್ಕಳು ಕಾಲೇಜಿನ ಪತ್ರ ಹಿಡಿದು ಇಂಟರ್ನ್‌ಶಿಪ್‌ಗೆ ಬರುತ್ತಾರೆ. ಈ ಸಲ ಇಬ್ಬರು ಬಾಗಿಲಲ್ಲೇ ನಿಂತು, 'ಸರ್, ಸುಮ್ನೆ ಒಂದು ಸೀಲ್ ಹಾಕಿ ಸರ್ಟಿಫಿಕೇಟ್ ಕೊಟ್ರೆ ಸಾಕು' ಎಂದರು. ಕೊಡಲಿಲ್ಲ. ಬೇರೆ ಕಡೆ ಸಿಕ್ಕಿತಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಕೆಲಸ ಕಲಿಯಬೇಕು ಅಂತಲೇ ಬಂದ ಹುಡುಗಿಯೊಬ್ಬಳಿಗೆ ಚಿಕ್ಕಪೇಟೆಯ ಬಟ್ಟೆ ಅಂಗಡಿಯ ಖರೀದಿ ಬಿಲ್‌ಗಳ ಕಟ್ಟು ಕೊಟ್ಟೆ. ತಿಂಗಳ 14ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಬರುತ್ತದೆ, ಅಂದರೆ ಅಂಗಡಿಗೆ ಮಾಲು ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿ. ಅದರ ಜೊತೆ ಒಂದೊಂದೇ ಬಿಲ್ ತಾಳೆ ನೋಡಬೇಕು. ಸೂರತ್‌ನ ಒಂದು ಬಿಲ್ ಅದರಲ್ಲಿ ಇರಲೇ ಇಲ್ಲ. 2 ಲಕ್ಷ ರೂಪಾಯಿಯ ಮಾಲು, ಶೇ 5ರಂತೆ 10,000 ರೂಪಾಯಿ ತೆರಿಗೆ. ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಅಂಗಡಿ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಅದೇ ಕ್ರೆಡಿಟ್. 2ಬಿಯಲ್ಲಿ ಕಾಣದ ಬಿಲ್ಲಿಗೆ ಅದನ್ನು ತಗೊಳ್ಳುವ ಹಾಗಿಲ್ಲ.

'ಸರ್, ಅವನು ಟ್ಯಾಕ್ಸ್ ನುಂಗಿದ್ದಾನೆ' ಎಂದಳು. 'ಫೋನ್ ಮಾಡಿ ಕೇಳಮ್ಮ' ಎಂದೆ. ಬರುವಷ್ಟು ಹಿಂದಿಯಲ್ಲೇ ಹತ್ತು ನಿಮಿಷ ಮಾತಾಡಿದಳು. ಆ ವ್ಯಾಪಾರಿ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು. ಅಂಥವರು ಮೊದಲ ಎರಡು ತಿಂಗಳ ಬಿಲ್‌ಗಳನ್ನು ಆಯಾ ಮುಂದಿನ ತಿಂಗಳ 13ರೊಳಗೆ ಪೋರ್ಟಲ್‌ಗೆ ಹಾಕಬಹುದು. ಅವರು ಮರೆತಿದ್ದರು, ಅಷ್ಟೆ. ದುಡ್ಡು ಎಲ್ಲೂ ಹೋಗಿಲ್ಲ, ಆದರೆ ಈ ತಿಂಗಳು ಸಿಗುವುದಿಲ್ಲ. 20ರೊಳಗೆ ರಿಟರ್ನ್ ಹಾಕುವಾಗ ಅಂಗಡಿಯವರು ಆ 10,000 ರೂಪಾಯಿ ಕೈಯಿಂದ ಕಟ್ಟಬೇಕು. ಮಾಲೀಕರಿಗೆ ಆ ಮಾತನ್ನು ನೀನೇ ಹೇಳು ಎಂದೆ. ಹೇಳಿದಳು. ಅವರು ಮೊದಲು ರೇಗಿದರು, ಆಮೇಲೆ ಕೂತು ಕೇಳಿಸಿಕೊಂಡರು. ವಾಪಸ್ ಬಂದವಳು, 'ಪುಸ್ತಕದಲ್ಲಿ ಓದಿದ ಕ್ಯಾಶ್ ಫ್ಲೋ ಅಂದ್ರೆ ಇದೇನಾ ಸರ್?' ಎಂದು ಕೇಳಿದಳು. ಹೌದಮ್ಮ ಎಂದೆ. ನನಗೆ ತುಂಬಾ ಸಂತೋಷವಾಯಿತು.

ಮುಂದೆ ಆಗಿದ್ದು ಕೇಳಿ. ಕಾಲೇಜಿಗೆ ಅವಳು ಕೊಡಬೇಕಾಗಿದ್ದು ಸಂಸ್ಥೆಯ ಇತಿಹಾಸ, ಸ್ವಾಟ್ ಪಟ್ಟಿ (ಸಂಸ್ಥೆಯ ಬಲ, ದೌರ್ಬಲ್ಯ, ಅವಕಾಶ, ಅಪಾಯಗಳ ಪಟ್ಟಿ) ಎಲ್ಲ ಇರುವ 40 ಪುಟದ ರಿಪೋರ್ಟ್. ಮೂರು ಜನ ಇರುವ ಆಫೀಸಿಗೆ ಎಂಥ ಇತಿಹಾಸ? ವೈವಾ ಐದು ನಿಮಿಷದಲ್ಲಿ ಮುಗಿಯಿತಂತೆ. ಸೂರತ್‌ನ ಬಿಲ್ ಬಗ್ಗೆ ಹೇಳಲು ಹೋದರೆ 'ಅದು ಫಾರ್ಮ್ಯಾಟ್‌ನಲ್ಲಿಲ್ಲ' ಎಂದರಂತೆ. ಅವಳಿಗೂ ಸೀಲ್ ತಗೊಂಡು ಹೋದವರಿಗೂ ಹೆಚ್ಚುಕಡಿಮೆ ಒಂದೇ ಮಾರ್ಕ್ಸ್. ಹಾಗಿದ್ದ ಮೇಲೆ ಆ ಇಬ್ಬರು ಮಾಡಿದ್ದರಲ್ಲಿ ಏನು ತಪ್ಪು ಹೇಳಲಿ?

ಪದವಿ ನಾಲ್ಕು ವರ್ಷವೋ ಮೂರೋ ಎಂದು ನಮ್ಮ ರಾಜ್ಯದಲ್ಲಿ 2021ರಿಂದ ಬೇಕಾದಷ್ಟು ಚರ್ಚೆ ಆಯಿತು. 2024ರಲ್ಲಿ ಮತ್ತೆ ಮೂರಕ್ಕೇ ಬಂದೆವು. ಆ ಮೂರು ವರ್ಷದಲ್ಲಿ ಹೊರಗೆ ಕಳೆಯುವ ಕೆಲವು ವಾರಗಳ ಬಗ್ಗೆ ಮಾತ್ರ ಯಾರೂ ಅಷ್ಟು ತಲೆ ಕೆಡಿಸಿಕೊಂಡಿಲ್ಲ. ಮೇಷ್ಟ್ರುಗಳಲ್ಲಿ ನನ್ನ ಬೇಡಿಕೆ ಸಣ್ಣದು. ರಿಪೋರ್ಟ್ ನಾಲ್ಕು ಪುಟ ಇರಲಿ. ಆದರೆ ವೈವಾದಲ್ಲಿ 'ನೀನು ಮಾಡಿದ ಒಂದು ತಪ್ಪು ಹೇಳು, ಅದನ್ನು ಹೇಗೆ ಸರಿ ಮಾಡಿದೆ?' ಎಂದು ಕೇಳಿ. ಕೆಲಸ ಮಾಡದವರಿಗೆ ಇದಕ್ಕೆ ಉತ್ತರ ಬರೋದಿಲ್ಲ.

ನಮ್ಮಂಥವರ ಪಾಲೂ ಇದೆ. ಮೊದಮೊದಲು ನಾನೂ ಮಕ್ಕಳನ್ನು ಜೆರಾಕ್ಸ್ ಮಾಡಿಸಲು, ಫೈಲ್ ಜೋಡಿಸಲು ಇಟ್ಟುಕೊಂಡಿದ್ದೆ. ಅದು ಅನ್ಯಾಯ ಅಂತ ಈಗ ಅನಿಸುತ್ತದೆ. ಬಸ್ಸಿಗೆ, ಮಧ್ಯಾಹ್ನದ ಊಟಕ್ಕೆ ಅಂತಾದರೂ ಒಂದಿಷ್ಟು ದುಡ್ಡು ಕೊಡಲೇಬೇಕು. ಸಂಜೆ ಡೆಲಿವರಿ ಕೆಲಸ ಮಾಡಿ ಫೀಸ್ ಕಟ್ಟುವ ಹುಡುಗರೂ ನಮ್ಮಲ್ಲಿಗೆ ಬರುತ್ತಾರೆ.

ಯಾವ ಕಾಲೇಜಿನ ಮೇಷ್ಟ್ರಾದರೂ ಸರಿ, ತಿಂಗಳ 14ರಿಂದ 20ರೊಳಗೆ ಒಂದು ದಿನ ನಮ್ಮ ಆಫೀಸಿಗೆ ಬನ್ನಿ. ನಿಮ್ಮ ವಿದ್ಯಾರ್ಥಿಯ ಪಕ್ಕದಲ್ಲೇ ಕುರ್ಚಿ ಹಾಕಿಸುತ್ತೇನೆ. ಬಿಲ್‌ಗಳ ಕಟ್ಟು ಮೇಜಿನ ಮೇಲೇ ಇರುತ್ತದೆ.

– ಒಬ್ಬ ತೆರಿಗೆ ಸಲಹೆಗಾರ, ರಾಜಾಜಿನಗರ, ಬೆಂಗಳೂರು