ಕಿಲೋಮೀಟರ್ ಲೆಕ್ಕದಲ್ಲಿ ಕಥೆ ಅಳೆದರೆ ಹೇಗೆ?

ಮಾನ್ಯ ಸಂಪಾದಕರೆ,

ಆನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿಗಳ ಮೇಲೆ ಬಂದ ಫೈಟಿಂಗ್ ಗೇಮ್‌ಗಳ ಸ್ಟೋರಿ ಮೋಡ್‌ಗಳನ್ನು (ಸರಣಿಯ ಕಥೆಯನ್ನೇ ಆಡುತ್ತಾ ಸಾಗುವ ಭಾಗ) ಹೋಲಿಸಿ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಕನ್ನಡ ಪತ್ರಿಕೆಯೊಂದು ಇದಕ್ಕೆ ಅರ್ಧ ಪುಟ ಕೊಟ್ಟಿತಲ್ಲ ಅಂತಲೇ ಖುಷಿಯಾಯಿತು. ಡಿಪೊದ ರೆಸ್ಟ್ ರೂಮಿನಲ್ಲಿ ಯಾರಾದರೂ ಮಿರ್ಚಿ ಬಜಿ ಸುತ್ತುವ ಮೊದಲೇ ಆ ಪುಟವನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಆದರೆ ಕೊನೆಯಲ್ಲಿ ಹಾಕಿದ್ದ ಅಂಕಪಟ್ಟಿ ನೋಡಿ ಸುಮ್ಮನಿರಲಾಗಲಿಲ್ಲ. ಮೂಲ ಸರಣಿಯ ಎಷ್ಟು ಭಾಗ ಸೇರಿದೆ, ಎಷ್ಟು ಗಂಟೆ ಆಡಬಹುದು ಎಂಬ ಎರಡೇ ಅಳತೆಗೋಲು. ನಾನು ಬಸ್ ಕಂಡಕ್ಟರ್. ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿತು ಅಂತ ಟ್ರಿಪ್ ಶೀಟಿನಲ್ಲಿ ಬರೆಯುತ್ತೇನೆ. ಆ ಅಂಕಿ ನೋಡಿ, ಒಳಗೆ ಕೂತವನಿಗೆ ಪ್ರಯಾಣ ಹೇಗಿತ್ತು ಅಂತ ಯಾರೂ ಹೇಳಲಾರರು.

ನನಗೆ ಈ ಹುಚ್ಚು ಹತ್ತಿದ್ದು 2008ರಲ್ಲಿ, ರಾಣೆಬೆನ್ನೂರಿನ ಒಂದು ಗೇಮ್ ಪಾರ್ಲರ್‌ನಲ್ಲಿ. ನಾಲ್ಕು ಟಿವಿ, ನಾಲ್ಕು ಪ್ಲೇಸ್ಟೇಷನ್ 2, ಅರ್ಧ ಗಂಟೆಗೆ ಹತ್ತು ರೂಪಾಯಿ. ಹಿಂದಿನ ವರ್ಷವಷ್ಟೇ ಬಂದಿದ್ದ ಡ್ರ್ಯಾಗನ್ ಬಾಲ್ ಜೀ: ಬುಡೊಕಾಯ್ ತೆಂಕಾಯಿಚಿ 3 ಅಲ್ಲಿತ್ತು. ಬದಲಾಗುವ ರೂಪಗಳೂ ಸೇರಿ 161 ಪಾತ್ರಗಳಿರುವ ಆಟ ಅದು. ಎಲ್ಲರೂ ಇಬ್ಬಿಬ್ಬರು ಕೂತು ಗುದ್ದಾಡುತ್ತಿದ್ದರು. ನಾನೊಬ್ಬ ಮಾತ್ರ ಡ್ರ್ಯಾಗನ್ ಹಿಸ್ಟರಿ, ಅಂದರೆ ಅದರ ಸ್ಟೋರಿ ಮೋಡ್ ತೆರೆದು ಕೂರುತ್ತಿದ್ದೆ. ಮೆಮೊರಿ ಕಾರ್ಡು ಮಾಲೀಕನ ಡ್ರಾದಲ್ಲಿ, ಬೀಗದೊಳಗೆ. ಹಾಗಾಗಿ ಆಡಿದ್ದು ಸೇವ್ ಆಗುತ್ತಿರಲಿಲ್ಲ. ಹೋದಾಗಲೆಲ್ಲ ಮತ್ತೆ ಮೊದಲಿಂದ: ಕಥಾನಾಯಕ ಗೊಕುವಿನ ಅಣ್ಣ ರಾಡಿಟ್ಜ್ ಭೂಮಿಗೆ ಬಂದಿಳಿಯುವುದು, ಗೊಕು ತನ್ನ ಹಳೇ ವೈರಿ ಪಿಕೊಲೊ ಜೊತೆ ಸೇರಿ ಅವನನ್ನು ಎದುರಿಸುವುದು. ಒಂದೂವರೆ ವರ್ಷ ನನ್ನ ಪಾಲಿಗೆ ಡ್ರ್ಯಾಗನ್ ಬಾಲ್ ಅಂದರೆ ಆ ಅಣ್ಣತಮ್ಮಂದಿರ ಜಗಳ ಅಷ್ಟೇ. ಆದರೂ ಬೇಸರ ಬರಲಿಲ್ಲ. ಯಾಕೆಂದರೆ ಆ ಆಟದಲ್ಲಿ ಕಥೆ ಹೊಡೆದಾಟವನ್ನು ನಿಲ್ಲಿಸಿ ಬರುತ್ತಿರಲಿಲ್ಲ. ಏಟು ಕೊಡುತ್ತಿರುವಾಗಲೇ ತೆರೆಯ ಮೇಲೆ ಮಾತು ಓಡುತ್ತಿತ್ತು, ಒಂದು ಬಟನ್ ಮಿನುಗುತ್ತಿತ್ತು, ಒತ್ತಿದರೆ ಅಲ್ಲೇ ಕಥೆ ಒಂದು ಹೆಜ್ಜೆ ಮುಂದೆ ಸರಿಯುತ್ತಿತ್ತು. ನಿಮ್ಮ ಲೇಖಕರ ಪಟ್ಟಿಯಲ್ಲಿ ಈ ಗುಣಕ್ಕೊಂದು ಕಾಲಮ್ಮೇ ಇಲ್ಲ.

ಈಗ ವಾರದ ರಜೆಗೆ ಹುಬ್ಬಳ್ಳಿಯ ಅಕ್ಕನ ಮನೆಗೆ ಹೋಗುತ್ತೇನೆ. ಅಳಿಯ ಎಂಜಿನಿಯರಿಂಗ್ ಓದುತ್ತಿದ್ದಾನೆ. 'ಪ್ರಾಜೆಕ್ಟ್ ವರ್ಕಿಗೆ ಬೇಕು' ಅಂತ ಹಟ ಹಿಡಿದು ಕೊಡಿಸಿಕೊಂಡ ಕಂಪ್ಯೂಟರ್ ಇದೆ. ಪ್ರಾಜೆಕ್ಟ್ ಏನೆಂದು ನಾನೂ ಅಕ್ಕನಿಗೆ ಹೇಳಿಲ್ಲ. ನಿಮ್ಮ ಪಟ್ಟಿಯ ಬಹುತೇಕ ಆಟಗಳನ್ನು ನಾವಿಬ್ಬರೂ ಅದರಲ್ಲೇ ಮುಗಿಸಿದ್ದೇವೆ.

ನೀವು ಎರಡನೇ ಸ್ಥಾನ ಕೊಟ್ಟ ಡೀಮನ್ ಸ್ಲೇಯರ್: ಹಿನೊಕಾಮಿ ಕ್ರಾನಿಕಲ್ಸ್‌ನಿಂದಲೇ ಶುರು ಮಾಡುತ್ತೇನೆ. 2021ರಲ್ಲಿ ಸೈಬರ್‌ಕನೆಕ್ಟ್2 ಮಾಡಿದ್ದು. ನೋಡಲು ಆನಿಮೆಯ ಪಡಿಯಚ್ಚು; ಅದರಲ್ಲಿ ತಕರಾರಿಲ್ಲ. ಮುಗೆನ್ ರೈಲಿನ ಅಧ್ಯಾಯದ ಕೊನೆಗೆ ರಾಕ್ಷಸರನ್ನು ಬೇಟೆಯಾಡುವ ರೆಂಗೊಕು ಮತ್ತು ಅಕಾಜಾ ಎಂಬ ರಾಕ್ಷಸನ ನಡುವಿನ ಕಾಳಗ ಬರುತ್ತದೆ. ಕೈಯಲ್ಲಿ ರೆಂಗೊಕು. ನಮ್ಮ ಅಳಿಯ ಕೈ ಚುರುಕಿನ ಹುಡುಗ, ಅಕಾಜಾನನ್ನು ಸರಿಯಾಗಿಯೇ ಚಚ್ಚಿದ. ಅಕಾಜಾನ ಜೀವ ಎಷ್ಟು ಉಳಿದಿದೆ ಅಂತ ತೋರಿಸುವ ಗೆರೆ ಪೂರ್ತಿ ಖಾಲಿ, ರೆಂಗೊಕುವಿನದು ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಗೆದ್ದೆವು ಅಂತ ತೆರೆಯ ಮೇಲೆ ಬಂತು. ಮರುಕ್ಷಣ ದೃಶ್ಯ ಬದಲಾಯಿತು. ಅದರಲ್ಲಿ ರೆಂಗೊಕು ಸಾಯುತ್ತಿದ್ದಾನೆ. 'ಇದೇನ್ ಮೋಸ ಮಾಮಾ? ಗೆದ್ದಾಂವ ನಾ, ಸಾಯೂದು ಇಂವಾ?' ಅಂದ. ಇದೇ ಕಥೆಯ ಸಿನಿಮಾ ನೋಡಿ ಅತ್ತಿದ್ದ ಹುಡುಗ, ಗೇಮಿನಲ್ಲಿ ಅದೇ ಸಾವು ಬಂದಾಗ ಗೊಣಗಿದ.

ನಮ್ಮೂರ ಬಯಲಾಟದಲ್ಲಿ ನಮ್ಮ ದೊಡ್ಡಪ್ಪ ಐವತ್ತನೇ ವಯಸ್ಸಿನಲ್ಲಿ, ಹೊಟ್ಟೆ ಮುಂದೆ ಮಾಡಿಕೊಂಡು, ಹದಿನಾರರ ಅಭಿಮನ್ಯು ಆಗುತ್ತಿದ್ದರು. ಕೂತವರಿಗೆಲ್ಲ ಗೊತ್ತು ಅವನು ಸಾಯುತ್ತಾನೆ ಅಂತ. ಆದರೆ ಅಲ್ಲಿ ಸಾವು ಒಮ್ಮೆಲೇ ಬರುವುದಿಲ್ಲ. ಮೊದಲು ಬಿಲ್ಲು ಹೋಗುತ್ತದೆ. ಆಮೇಲೆ ರಥ. ಕತ್ತಿ, ಗುರಾಣಿ. ಕೊನೆಗೆ ರಥದ ಗಾಲಿಯನ್ನೇ ಎತ್ತಿಕೊಂಡು ತಿರುಗುತ್ತಾನೆ. ಒಂದೊಂದಾಗಿ ಕಿತ್ತುಕೊಳ್ಳುತ್ತಾ ಹೋದಂತೆ ಮುಂದೆ ಕೂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ರೆಂಗೊಕುವಿನ ಕಾಳಗದಲ್ಲಿ ನಮ್ಮ ಕೈಯಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ. ಕೊನೆಯ ಏಟಿನವರೆಗೂ ಎಲ್ಲ ಬಟನ್ ಸರಿಯಾಗೇ ಕೆಲಸ ಮಾಡಿದವು. ಹಾಗಿದ್ದ ಮೇಲೆ ಸಾವನ್ನು ಕೈ ಹೇಗೆ ನಂಬಬೇಕು?

ಇದನ್ನು ಮಾಡಲು ಬಾರದ ಕಂಪನಿಯೇನಲ್ಲ ಅದು. ಅದೇ ಸೈಬರ್‌ಕನೆಕ್ಟ್2, 2016ರ ನರುಟೊ ಅಲ್ಟಿಮೇಟ್ ನಿಂಜಾ ಸ್ಟಾರ್ಮ್ 4ರ ಕೊನೆಗೆ ನರುಟೊ ಮತ್ತು ಸಾಸ್ಕೆಯನ್ನು ಎದುರುಬದುರು ನಿಲ್ಲಿಸಿದ ರೀತಿ ನೋಡಬೇಕು. ಶುರುವಿಗೆ ಇಬ್ಬರೂ ಬೆಟ್ಟದಷ್ಟು ದೊಡ್ಡ ರೂಪದಲ್ಲಿ ಬಡಿದಾಡುತ್ತಾರೆ. ಆಮೇಲೆ ಆ ರೂಪಗಳು ಕಳಚುತ್ತವೆ, ಚಕ್ರ ಎಂಬ ಅವರ ಒಳಶಕ್ತಿ ಬತ್ತುತ್ತದೆ. ಕೊನೆಗೆ ಉಳಿಯುವುದು ಹರಿದ ಬಟ್ಟೆಯ ಇಬ್ಬರು ಹುಡುಗರು, ಬರೀ ಮುಷ್ಟಿ. ಅಷ್ಟು ಹೊತ್ತು ಬೆರಳಿಟ್ಟರೆ ಬೆಂಕಿ ಕಾರುತ್ತಿದ್ದ ಪ್ಯಾಡ್ ಈಗ ಒಂದು ಗುದ್ದು ಹಾಕಲೂ ಸುಸ್ತಾದಂತೆ ಅನಿಸುತ್ತದೆ. ಆ ಹೊತ್ತಿಗೆ ಅಳಿಯ ನನ್ನ ಜೊತೆ ಮಾತು ನಿಲ್ಲಿಸಿದ್ದ. ಅಭಿಮನ್ಯುವಿನ ಗಾಲಿ ಅಂದರೆ ಇದೇ. ನಿಮ್ಮ ಲೇಖಕರು ಈ ಆಟಕ್ಕೆ ಅಂಕ ಕಳೆದದ್ದು 'ನಡುವೆ ಸ್ಥಿರಚಿತ್ರ ಜಾಸ್ತಿ' ಎಂಬ ಕಾರಣಕ್ಕೆ. ಜಾಸ್ತಿ ಇವೆ, ಒಪ್ಪುತ್ತೇನೆ, ನನಗೂ ತೂಕಡಿಕೆ ಬಂದಿತ್ತು. ಮೊದಲನೇ ಸ್ಟಾರ್ಮ್‌ನಲ್ಲಿ, 2008ರದು, ಕೊನೊಹಾ ಊರಿನ ತುಂಬ ಓಡಾಡಬಹುದಿತ್ತು. ಆ ತಿರುಗಾಟ ನಾಲ್ಕರಲ್ಲಿ ಮೂಲೆಗೆ ಸರಿದಿದೆ. 2023ರ ಸ್ಟಾರ್ಮ್ ಕನೆಕ್ಷನ್ಸ್‌ನಲ್ಲಂತೂ ಹಳೇ ಕಥೆಯನ್ನು ಆನಿಮೆಯ ಚಿತ್ರಗಳನ್ನು ಸಾಲಾಗಿ ಇಟ್ಟು ಹೇಳಿ ಕೈ ತೊಳೆದುಕೊಂಡಿದ್ದಾರೆ. ನಿಮ್ಮ ಪಟ್ಟಿಯಲ್ಲಿ ಅದಕ್ಕೇ ಸ್ಟಾರ್ಮ್ 4ಕ್ಕಿಂತ ಹೆಚ್ಚು ಅಂಕ, ಯಾಕೆಂದರೆ 'ಬಾಲ್ಯದಿಂದ ಕೊನೆಯವರೆಗೆ ಪೂರ್ತಿ ಕಥೆ ಇದೆ'. ಅದೇ ಕಿಲೋಮೀಟರ್ ಲೆಕ್ಕ.

ನಿಮ್ಮ ಪಟ್ಟಿಯ ಕೊನೆಯಲ್ಲಿರುವ ಆಟದ ಬಗ್ಗೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಒನ್ ಪಂಚ್ ಮ್ಯಾನ್: ಎ ಹೀರೊ ನೋಬಡಿ ನೋಸ್. 2020ರಲ್ಲಿ ಸ್ಪೈಕ್ ಚುನ್‌ಸಾಫ್ಟ್ ಮಾಡಿದ್ದು. ಆಟದೊಳಗಿನ ಊರು ಬಣಬಣ, ಕೊಡುವ ಕೆಲಸಗಳು ಪೋಸ್ಟ್‌ಮ್ಯಾನ್ ಕೆಲಸದಂತೆ, ಎಲ್ಲ ಸರಿ. ಆದರೆ ಒಂದು ಕಷ್ಟ ಯೋಚಿಸಿ. ಸೈತಾಮಾ ಎಂಬ ಬೋಳುತಲೆಯವನು ಯಾರನ್ನೇ ಆದರೂ ಒಂದೇ ಗುದ್ದಿಗೆ ಕೆಡವುತ್ತಾನೆ. ಕಥೆಯ ತಮಾಷೆಯೇ ಅದು. ಇಂಥವನನ್ನು ಇಟ್ಟುಕೊಂಡು ಫೈಟಿಂಗ್ ಗೇಮ್ ಮಾಡುವುದಾದರೂ ಹೇಗೆ? ಒಂದೋ ಅವನ ಬಲ ಕುಗ್ಗಿಸಬೇಕು, ಇಲ್ಲವೇ ಆಟವೇ ಇಲ್ಲ. ಇವರು ಎರಡೂ ಮಾಡಲಿಲ್ಲ. ಸೈತಾಮಾ ತಡವಾಗಿ ಬರುತ್ತಾನೆ. ತಂಡದಲ್ಲಿ ಅವನನ್ನು ಆರಿಸಿಕೊಂಡರೂ ಕಣದಲ್ಲಿ ಮೊದಲು ಇರುವವರು ಬೇರೆಯವರು. ತೆರೆಯ ಮೇಲೆ ಗಡಿಯಾರ ಇಳಿಯುತ್ತಿರುತ್ತದೆ. ಅವನು ಬರುವವರೆಗೆ ಏಟು ತಿಂದು, ತಪ್ಪಿಸಿಕೊಂಡು, ಹೇಗೋ ಬದುಕಿರಬೇಕು. ಚೆನ್ನಾಗಿ ಹೊಡೆದರೆ ಗಡಿಯಾರ ಬೇಗ ಇಳಿಯುತ್ತದೆ. ಅವನು ಬಂದನೋ, ಮುಗಿಯಿತು, ಒಂದೇ ಗುದ್ದು. ಸ್ಟೋರಿ ಮೋಡ್‌ನಲ್ಲಿ ಆಡುವವನು ತಾನೇ ಮಾಡಿಕೊಂಡ ಒಬ್ಬ ಸಿ ದರ್ಜೆಯ, ಅಂದರೆ ಎಲ್ಲಕ್ಕಿಂತ ಕೆಳಗಿನ ದರ್ಜೆಯ ಹೀರೊ. ದೊಡ್ಡವರು ಬರುವವರೆಗೆ ಜಾಗ ಕಾಯುವವನು.

ದಾರಿಯ ನಿಲ್ದಾಣದಲ್ಲಿ ಒಬ್ಬ ಹೆಂಗಸು ನಿತ್ಯ ನನ್ನ ಬಸ್ಸಿಗೆ ಕಾಯುತ್ತಾಳೆ, ಹೂವಿನ ಬುಟ್ಟಿ ಹಿಡಿದು. ಬಸ್ ತಡವಾದ ದಿನ ಹತ್ತಿದ ಕೂಡಲೇ ನನ್ನ ಮುಖ ನೋಡುತ್ತಾಳೆ, ಮಾತಿಲ್ಲ, ಚಿಲ್ಲರೆ ಮಾತ್ರ ಕೈಗೆ ಸ್ವಲ್ಪ ಜೋರಾಗಿ ಬೀಳುತ್ತದೆ. ಈ ಆಟ ಆಡುವಾಗ ಆ ನೋಟ ನೆನಪಾಗಿ ನಕ್ಕುಬಿಟ್ಟೆ. ಗಡಿಯಾರದಲ್ಲಿ ಇನ್ನೂ ಅರ್ಧ ನಿಮಿಷ, ನನ್ನ ಹೀರೊ ಗೋಡೆಗೆ ಒರಗಿದ್ದಾನೆ, ಎದುರಿಗೆ ರಾಕ್ಷಸ. ಸೈತಾಮಾ ಎಲ್ಲಿ ಬಂದನಪ್ಪಾ ಅಂತ ಕಾಯುವುದಿದೆಯಲ್ಲ, ಅದು ಆ ಸರಣಿಯ ಜೀವ. ದೃಶ್ಯ ತೋರಿಸದೆ, ಮಾತಾಡದೆ, ಒಂದು ಗಡಿಯಾರದಿಂದಲೇ ಅದನ್ನು ನಮ್ಮ ಬೆರಳಿಗೆ ಹಚ್ಚಿದ್ದಾರೆ. ಉಳಿದದ್ದೆಲ್ಲ ಸಪ್ಪೆ ಇರಬಹುದು, ಇದೊಂದಕ್ಕಾದರೂ ಕೊನೆಯ ಸ್ಥಾನ ತಪ್ಪಿಸಬೇಕಿತ್ತು. ಆ ಸ್ಥಾನಕ್ಕೆ 2019ರ ಜಂಪ್ ಫೋರ್ಸ್ ಲಾಯಕ್ಕಾಗಿತ್ತು. ಮರದ ಬೊಂಬೆಗಳು ನಿಂತು ಮಾತಾಡಿದಂಥ ದೃಶ್ಯಗಳು. 2022ರಲ್ಲಿ ಅದರ ಡಿಜಿಟಲ್ ಮಾರಾಟವನ್ನೇ ನಿಲ್ಲಿಸಿದರು.

ಡ್ರ್ಯಾಗನ್ ಬಾಲ್ ಫೈಟರ್‌ಜೀ ಬಗ್ಗೆ ನನಗೂ ಅಳಿಯನಿಗೂ ಜಗಳ ಇನ್ನೂ ಮುಗಿದಿಲ್ಲ. ಆರ್ಕ್ ಸಿಸ್ಟಮ್ ವರ್ಕ್ಸ್‌ನ 2018ರ ಆಟ. ಅದರ ಕಥೆಯಲ್ಲಿ ಒಂದು ಜಾಣತನ ಇದೆ: ಆಡುವವನೇ ಒಂದು ಆತ್ಮ, ಗೊಕು ಮುಂತಾದವರ ಮೈಯೊಳಗೆ ಹೊಕ್ಕು ಹೊಡೆದಾಡುತ್ತಾನೆ. ಎಲ್ಲರ ಶಕ್ತಿಯನ್ನೂ ಯಾವುದೋ ಅಲೆ ಅದುಮಿಟ್ಟಿದೆ, ಹಾಗಾಗಿ ಬಡಪಾಯಿ ಕ್ರಿಲಿನ್ ಕೂಡ ಎಲ್ಲರ ಸಮಕ್ಕೆ ನಿಲ್ಲಬಲ್ಲ. ಫೈಟಿಂಗ್ ಗೇಮಿನ ಹಳೇ ಸುಳ್ಳಿಗೆ ಇವರು ಕಾರಣ ಹುಡುಕಿಕೊಟ್ಟರು. ಅಳಿಯ ಅದಕ್ಕೆ ಮರುಳಾದ. ನನಗೆ ಮಾತ್ರ ನಕ್ಷೆಯ ಮೇಲೆ ಒಂದೊಂದೇ ಚುಕ್ಕೆಗೆ ಜಿಗಿದು ಅದೇ ತದ್ರೂಪಿಗಳನ್ನು ಮತ್ತೆ ಮತ್ತೆ ಹೊಡೆಯುವುದು ಸಾಕಾಯಿತು. ವಿಚಿತ್ರವೆಂದರೆ ಈ ಆಟದ ಒಳ್ಳೆಯ ಕಥೆ ಇರುವುದು ಸ್ಟೋರಿ ಮೋಡ್‌ನ ಹೊರಗೆ. ಇಬ್ಬರು ಸುಮ್ಮನೆ ಎದುರಾಳಿಗಳಾಗಿ ಆಡುವಾಗ, ಸರಿಯಾದ ಪಾತ್ರಗಳಿದ್ದು, ಸರಿಯಾದ ಜಾಗವಿದ್ದು, ಕೊನೆಯ ಏಟು ಜೋರಿನದಾದರೆ, ಮೂಲ ಸರಣಿಯ ಆ ಗಳಿಗೆ ತೆರೆಯ ಮೇಲೆ ಎದ್ದು ಬರುತ್ತದೆ. ಗೊಕುವಿನ ಮಗ ಗೊಹಾನ್ ಹಿಂದೆ ಸತ್ತ ಅಪ್ಪ ಕೈ ಚಾಚಿ ನಿಂತು, ಸೆಲ್ ಎಂಬ ಖಳನ ಮೇಲೆ ಇಬ್ಬರೂ ಸೇರಿ ಕಮೆಹಮೆಹಾ ಎಂಬ ಶಕ್ತಿಯ ಕಿರಣ ಬಿಡುವುದು ಮೊದಲ ಸಲ ಹಾಗೆ ಬಂದಾಗ ನಾವಿಬ್ಬರೂ ಕೂಗಿದ್ದಕ್ಕೆ ಅಕ್ಕ ಅಡುಗೆಮನೆಯಿಂದ ಓಡಿ ಬಂದಳು. ಅದನ್ನು ಯಾವ ಗಂಟೆಯ ಲೆಕ್ಕಕ್ಕೆ ಹಾಕುತ್ತೀರಿ?

ಕೊನೆಯದಾಗಿ ನಿಮ್ಮ ಮೊದಲ ಸ್ಥಾನ, 2024ರ ಅಕ್ಟೋಬರಿನಲ್ಲಿ ಬಂದ ಡ್ರ್ಯಾಗನ್ ಬಾಲ್: ಸ್ಪಾರ್ಕಿಂಗ್! ಜೀರೊ. ನನ್ನ ಪಾರ್ಲರ್ ಆಟದ ನೇರ ವಾರಸುದಾರ ಅದು. ಮೊದಲ ಸ್ಥಾನಕ್ಕೆ ನನ್ನ ಒಪ್ಪಿಗೆ ಇದೆ, ಆದರೆ ನೀವು ಕೊಟ್ಟ ಕಾರಣಕ್ಕಲ್ಲ. ಎಂಟು ಪಾತ್ರಗಳ ಕಥೆ ಇದೆ ಅಂತ ಬರೆದಿದ್ದೀರಿ. ನಿಜ, ಗೊಕು, ವೆಜಿಟಾ, ಫ್ರೀಜಾ, ಜಿರೆನ್ ಎಲ್ಲ ಇದ್ದಾರೆ. ಆದರೆ ಕೆಲವು ಕಥೆಗಳು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿಯುತ್ತವೆ, ನಡುವೆ ಇಲ್ಲಿಯೂ ಸ್ಥಿರಚಿತ್ರಗಳೇ. ನನ್ನನ್ನು ಹಿಡಿದದ್ದು ಬೇರೆ. ಗೊಕುವಿನ ಕಥೆಯಲ್ಲಿ ವೆಜಿಟಾ ದೈತ್ಯ ವಾನರನಾಗುತ್ತಾನಲ್ಲ, ಅವನನ್ನು ಸೋಲಿಸಲು ನನಗೆ ಒಂಬತ್ತು ಸಲ ಆಗಲಿಲ್ಲ. ಅವನು ಸಾದಾ ಏಟಿಗೆ ಮಿಸುಕುವುದೇ ಇಲ್ಲ. ನಾನು ಗುದ್ದುತ್ತಿರುವಾಗಲೇ ನನ್ನನ್ನು ಹಿಡಿದು ಎಸೆಯುತ್ತಾನೆ. ರಾತ್ರಿ ಹನ್ನೊಂದೂವರೆ, ಮರುದಿನ ಬೆಳಿಗ್ಗೆ ಐದಕ್ಕೆ ಡ್ಯೂಟಿ, ಬೆರಳು ಬೆವರಿ ಪ್ಯಾಡ್ ಜಾರುತ್ತಿದೆ. ಕಡೆಗೆ ಅಳಿಯ 'ಮಾಮಾ, ಮುಂದ ಹೋಗಿ ಗುದ್ದಬ್ಯಾಡ, ದೂರದಿಂದ ಓಡಾಡು' ಅಂತ ಹೇಳಿಕೊಟ್ಟ ಮೇಲೆ ಹತ್ತನೇ ಸಲ ದಾಟಿದೆ. ಸರಣಿಯಲ್ಲಿ ಆ ವಾನರ ಗೊಕುವನ್ನು ಮುಷ್ಟಿಯಲ್ಲಿ ಹಿಂಡುತ್ತಾನೆ. ಆ ಅಸಹಾಯಕತೆ ನನ್ನ ಬೆರಳಿಗೆ ಬಂದಿತ್ತು. ಇದನ್ನೇ ನಿಮ್ಮ ಲೇಖಕರು 'ಅನಗತ್ಯ ಕಷ್ಟ' ಅಂತ ಅಂಕ ಕಡಿದಿದ್ದಾರೆ.

ಈ ಆಟದ ಇನ್ನೊಂದು ಹೆಚ್ಚುಗಾರಿಕೆ ಕವಲುಗಳು. ಹೀಗಾಗಿದ್ದರೆ ಏನಾಗುತ್ತಿತ್ತು ಅಂತ ಕಥೆಯನ್ನು ಬೇರೆ ಕಡೆ ತಿರುಗಿಸಬಹುದು. ಮೊದಲ ಆಯ್ಕೆ ಬರುವುದೇ ರಾಡಿಟ್ಜ್ ಮುಂದೆ: ಪಿಕೊಲೊ ಜೊತೆ ಹೋಗುತ್ತೀಯೋ, ಗೆಳೆಯರ ಜೊತೆ ಹೋಗುತ್ತೀಯೋ? ಪಿಕೊಲೊ ಜೊತೆ ಹೋದರೆ ಏನಾಗುತ್ತದೆಂದು ನನಗೆ ಪಾರ್ಲರ್‌ನಲ್ಲೇ ಬಾಯಿಪಾಠ. ಅಣ್ಣನನ್ನು ಹಿಂದಿನಿಂದ ತಬ್ಬಿ ಹಿಡಿದು ಗೊಕು ತಾನೂ ಸಾಯುತ್ತಾನೆ. ಪ್ರಶ್ನೆ ತೆರೆಯ ಮೇಲೆ ನಿಂತಿತ್ತು. ನಾನು ಒತ್ತದೆ ಕೂತಿದ್ದೆ. 'ಒತ್ತು ಮಾಮಾ' ಅಂದ ಅಳಿಯ. ಗೆಳೆಯರ ದಾರಿ ಒತ್ತಿದೆ. ಮರುದಿನ ಬಸ್ಸಿನಲ್ಲಿ ನಿಂತು, ಟಿಕೆಟ್ ಹರಿಯುತ್ತಾ, ಯಾಕೋ ತಪ್ಪು ಮಾಡಿದೆ ಅನಿಸಿತು. ಮುಂದಿನ ವಾರ ಹೋಗಿ ಪಿಕೊಲೊ ದಾರಿಯನ್ನೂ ಆಡಿ ಬಂದೆ. ಈಗ ಸೇವ್ ಆಗುತ್ತದೆ.

ಒಂದು ತಿದ್ದುಪಡಿ. ಜೋಜೋ ಆಲ್ ಸ್ಟಾರ್ ಬ್ಯಾಟಲ್ ಆರ್‌ನ ಸಾಲಿನಲ್ಲಿ ಸ್ಟೋರಿ ಮೋಡ್‌ಗೆ ಏಳು ಅಂಕ ಕೊಟ್ಟಿದ್ದೀರಿ. 2022ರ ಆ ಆಟದಲ್ಲಿ ಸ್ಟೋರಿ ಮೋಡ್ ಇಲ್ಲ. ಅದು ಇದ್ದದ್ದು 2013ರ ಪ್ಲೇಸ್ಟೇಷನ್ 3ರ ಮೂಲ ಆಟದಲ್ಲಿ. ಹೊಸದರಲ್ಲಿ ಅದನ್ನು ತೆಗೆದು ಬಿಡಿ ಬಿಡಿ ಕಾಳಗಗಳ ಪಟ್ಟಿ ಇಟ್ಟಿದ್ದಾರೆ. ಮುಂದಿನ ವಾರದ ಪುರವಣಿಯಲ್ಲಿ ಅದನ್ನಾದರೂ ಸರಿಪಡಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಬಸ್ ಕಂಡಕ್ಟರ್
ರಾಣೆಬೆನ್ನೂರು